ಡ್ರಮ್ಮಿನ ಒಳಗೋಡೆ

ಡಿಸೆಂಬರಿನಲ್ಲಿ ಮೈಸೂರಿನಿಂದ ಬಂದ ಚಿಕ್ಕಮ್ಮ, ಮದ್ರಾಸಿನ ಪುರಸೈವಾಕ್ಕಂನ ನಮ್ಮ ಅಡುಗೆಮನೆಯಲ್ಲಿ ರಾತ್ರಿ ನೀರು ಕುಡಿಯಲೆಂದು ದೀಪ ಹಾಕಿದವರು ಹೌಹಾರಿ ಹಿಂದೆ ಸರಿದರು. ಬಚ್ಚಲ ಜಾಲರಿಯ ಕಡೆಯಿಂದ ಹೆಬ್ಬೆರಳುದ್ದದ ಜಿರಳೆಗಳು ನಾಲ್ಕು ದಿಕ್ಕಿಗೂ ಓಡಿದವು. "ಏನೇ ಇದು, ಅಡುಗೆಮನೆ ತೊಳೆಯೋದೇ ಇಲ್ವಾ?" ಎಂದರು. ಸಂಜೆಯಷ್ಟೇ ಸೋಪು ಹಾಕಿ ತಿಕ್ಕಿ ತೊಳೆದಿದ್ದೆ. ಮಾತು ಚುಚ್ಚಿತು.

ಚಿಕ್ಕಮ್ಮನಿಗೆ ಆಗ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಕಂದುಬಣ್ಣದ ಆ ದೊಡ್ಡ ಜಿರಳೆ ಅಡುಗೆಮನೆಯದ್ದಲ್ಲ, ನೆಲದಡಿಯ ಒಳಚರಂಡಿಯದ್ದು. ಮದ್ರಾಸಿಗೆ ವರ್ಷದಲ್ಲಿ ಬೀಳುವ ಸುಮಾರು 1,400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರಿನಿಂದ ಡಿಸೆಂಬರಿನೊಳಗೆ, ಹಿಂಗಾರಿನಲ್ಲಿ ಸುರಿಯುತ್ತದೆ. ಕೊಳವೆಗಳು ತುಂಬಿದಾಗ ಈ ಜಿರಳೆಗಳು ಜೀವ ಉಳಿಸಿಕೊಳ್ಳಲು ಮೇಲೆ ಹತ್ತುತ್ತವೆ. ಡಿಸೆಂಬರಿನ ಹೊತ್ತಿಗೆ ಮೈಸೂರಿನಲ್ಲಿ ಮಳೆ ಮುಗಿದು ಚಳಿ ಕೂತಿರುತ್ತದೆ, ಹುಳುಗಳು ಮಂಕಾಗಿರುತ್ತವೆ. ಇಲ್ಲಿ ಚಳಿಗಾಲ ಎಂಬುದು ಕ್ಯಾಲೆಂಡರಿನಲ್ಲಷ್ಟೇ. ಫ್ರಿಜ್ಜಿನ ಮೋಟಾರಿನ ಬಿಸಿಯಲ್ಲಿ ಬೀಡುಬಿಡುವ ಸಣ್ಣ ಜಿರಳೆ ಬೇರೆ ಜಾತಿ. ಅದು ದಿನಸಿಯ ರಟ್ಟಿನ ಪೆಟ್ಟಿಗೆಯೊಳಗೆ ಕೂತು ಬರುತ್ತದೆ. ಆ ಒಂದಕ್ಕೆ ಬೇಕಾದರೆ ನನ್ನನ್ನು ಬೈಯಬಹುದು.

ಗೆದ್ದಲಿನ ಕಾಟಕ್ಕೂ ಊರೇ ಕಾರಣ. ಪುರಸೈವಾಕ್ಕಂ ಎಂಬ ಹೆಸರು ಬಂದದ್ದು ಪುರಸು ಮರದಿಂದ, ಅಂದರೆ ನಮ್ಮ ಮುತ್ತುಗ. ಇಲ್ಲಿನ ಗಂಗಾಧರೇಶ್ವರ ದೇವಸ್ಥಾನದ ಸ್ಥಳವೃಕ್ಷವೂ ಅದೇ. ಈಗ ಊರೆಂದರೆ ಗೋಡೆಗೆ ಗೋಡೆ ಅಂಟಿದ ಮನೆಗಳು. ಹಳೆಯವುಗಳಿಗೆ ಇನ್ನೂ 'ಮದ್ರಾಸ್ ಟೆರೇಸ್' ಚಾವಣಿ ಇದೆ: ಮರದ ತೊಲೆ, ಅದರ ಮೇಲೆ ಓರೆಯಾಗಿ ಜೋಡಿಸಿದ ಇಟ್ಟಿಗೆ, ಸುಣ್ಣದ ಗಾರೆ. ಕಡಲ ಗಾಳಿಯ ತೇವ ಕುಡಿದ ಮರ ಗೆದ್ದಲಿಗೆ ಹಬ್ಬದೂಟ. ಮಳೆಯ ಸಂಜೆ ರೆಕ್ಕೆ ಬಂದ ಗೆದ್ದಲು, ತಮಿಳರು 'ಈಸಲ್' ಎನ್ನುವುದು, ಬೀದಿದೀಪಕ್ಕೆ ಮುತ್ತಿದರೆ ಚಿಂತೆಯಿಲ್ಲ. ಮನೆಯೊಳಗಿನ ಬಾಗಿಲ ಚೌಕಟ್ಟಿನಿಂದಲೇ ಹೊರಟರೆ ಗೂಡು ಒಳಗಿದೆ ಎಂದರ್ಥ. ಔಷಧಿ ನಮ್ಮ ಮನೆಗೆ ಮಾತ್ರ ಹೊಡೆಸಿ ಏನು ಬಂತು? ಪಕ್ಕದ ಮನೆಯದೂ ನಮ್ಮದೂ ಒಂದೇ ಗೋಡೆ.

ವರ್ಷದ ಕಾಂಟ್ರ್ಯಾಕ್ಟಿಗೆ ಬರುವ ಔಷಧಿ ಹುಡುಗ ಮೂರು ತಿಂಗಳಿಗೊಮ್ಮೆ, ಹಾಳೆಯಲ್ಲಿ ಅಚ್ಚಾದ ತಾರೀಖಿಗೆ ಬರುತ್ತಾನೆ. ಅದೇ ಹಾಳೆ ದೆಹಲಿಗೂ ನಡೆಯುತ್ತದಂತೆ. ಹಿಂಗಾರಿಗೆ ಮೊದಲು, ಸೆಪ್ಟೆಂಬರಿನಲ್ಲಿ ಬಾರಪ್ಪ ಎಂದರೆ ಅವನ ಫೋನಿನಲ್ಲಿ ಆ ತಿಂಗಳೇ ಇಲ್ಲ.

ಇಷ್ಟೆಲ್ಲ ಊರಿನ ಮೇಲೆ ಹೇರಿದೆ. ಡ್ರಮ್ಮಿನ ವಿಷಯದಲ್ಲಿ ಮಾತ್ರ ಹಾಗೆ ನುಣುಚಿಕೊಳ್ಳುವಂತಿಲ್ಲ. 2019ರ ಬೇಸಿಗೆಯಲ್ಲಿ ಊರಿನ ಕೆರೆಗಳು ಬತ್ತಿ ಲಾರಿ ನೀರೇ ಗತಿಯಾದಾಗ ಮನೆಮುಂದೆ ನೀಲಿ ಡ್ರಮ್ಮು, ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ ಸಾಲುಗಟ್ಟಿದವು. ನಲ್ಲಿಯಲ್ಲಿ ನೀರು ಬಂದರೂ ಆ ಅಭ್ಯಾಸ ಹೋಗಲಿಲ್ಲ. ನಾಳೆ ಬರದಿದ್ದರೆ ಎಂಬ ಭಯ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಕೊಚ್ಚೆ ಬೇಡ, ನಾವು ಕುಡಿಯುವಂಥ ತಿಳಿನೀರೇ ಸಾಕು. ಅದು ಮೊಟ್ಟೆಯನ್ನು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಡ್ರಮ್ಮಿನ ಒಳಗೋಡೆಗೆ ಅಂಟಿಸುತ್ತದೆ. ಡ್ರಮ್ಮು ಬರಿದಾಗಿ ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ಏರಿದ ದಿನ ಒಡೆಯುತ್ತದೆ. ಇಲ್ಲಿನ ಸೆಕೆಗೆ ವಾರ, ಹತ್ತು ದಿನದಲ್ಲಿ ರೆಕ್ಕೆ ಮೂಡುತ್ತದೆ. ಕಾರ್ಪೊರೇಷನ್ನಿನ ಡಿಬಿಸಿ ಕೆಲಸದ, ಅಂದರೆ ಮನೆಮನೆಯಲ್ಲಿ ಸೊಳ್ಳೆಮರಿ ಹುಡುಕುವ ಹೆಂಗಸರು ಟಾರ್ಚು ಹಿಡಿದು ಬಂದಾಗ "ನಿನ್ನೆ ತಾನೇ ಖಾಲಿ ಮಾಡಿದ್ದೀವಮ್ಮಾ" ಎಂದು ನಾನೇ ಎಷ್ಟು ಸಲ ಹೇಳಿದ್ದೇನೆ! ಖಾಲಿ ಮಾಡುವುದಕ್ಕೂ ತಿಕ್ಕುವುದಕ್ಕೂ ಇರುವ ಅಂತರ ಆಮೇಲೆ ತಿಳಿಯಿತು.

ತಾರಸಿಯ ಟ್ಯಾಂಕು, ಹಿತ್ತಲ ಬಾವಿಗಳದ್ದು ಇನ್ನೊಂದು ಸೊಳ್ಳೆ, ಅನಾಫಿಲಿಸ್ ಸ್ಟೀಫೆನ್ಸಿ. ಮದ್ರಾಸಿನ ಮಲೇರಿಯಾಕ್ಕೆ ಅದೇ ಮೂಲ. ನಮ್ಮ ಕಡೆಯ ಈ ಜಾತಿ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡು, ಅಲ್ಲಿನ ಪಟ್ಟಣಗಳಿಗೂ ಟ್ಯಾಂಕಿನ ಮಲೇರಿಯಾ ತಂದಿದೆ.

ನಿಂತ ನೀರು ಚೆಲ್ಲಬೇಕೆಂಬ ಪಾಠ ಹಳೆಯದೇ, ಅದೂ ಕನ್ನಡದ ನೆಲದ್ದು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ಯುವ ಸೇನಾವೈದ್ಯ ರೊನಾಲ್ಡ್ ರಾಸ್, ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳು ಮಿಜಿಗುಡುವುದನ್ನು ಕಂಡು ಬೋರಲು ಹಾಕಿದ. ಸೊಳ್ಳೆ ಕಡಿಮೆಯಾಯಿತು. ಮೆಸ್ಸಿನ ತೊಟ್ಟಿ, ಹೂದಾನಿಗಳಿಗೂ ಹಾಗೇ ಮಾಡೋಣವೆಂದರೆ ಮೇಲಿನವರು ಒಪ್ಪಲಿಲ್ಲ. ಮಲೇರಿಯಾ ಸೊಳ್ಳೆಯಿಂದ ಹರಡುವುದನ್ನು ತೋರಿಸಿ ಅದೇ ಮನುಷ್ಯ 1902ರಲ್ಲಿ ನೊಬೆಲ್ ಪಡೆದ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬಡಾವಣೆಗಳೂ ಟ್ಯಾಂಕರಿಗೆ ಕಾದು ಡ್ರಮ್ಮು ತುಂಬಿಸಿಟ್ಟವು. ಅದೇ ವರ್ಷ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ದಂಡವನ್ನೂ ಗೊತ್ತುಮಾಡಿತು. ನಿಮ್ಮಲ್ಲೂ ಡ್ರಮ್ಮು ಇದ್ದರೆ ವಾರಕ್ಕೊಮ್ಮೆ ನೀರು ಚೆಲ್ಲಿ, ತೆಂಗಿನ ನಾರು ಹಿಡಿದು ಒಳಗೋಡೆಯನ್ನು ಕಂಠದವರೆಗೂ ತಿಕ್ಕಿ. ತುಂಬಿಸಿದ ಮೇಲೆ ಬಟ್ಟೆ ಕಟ್ಟಿ ಮುಚ್ಚಿ.