ಸವೆದ ಚರ್ಮದ ಸುಳ್ಳು ಹೊಳಪು

ಹಳೆಯ ಕಾರಿನ ವಯಸ್ಸನ್ನು ಅರಿಯಬೇಕಾದವರು ಅದರ ಮೈಬಣ್ಣವನ್ನಲ್ಲ, ಸ್ಟೀರಿಂಗ್ ಚಕ್ರವನ್ನು ನೋಡಬೇಕು. ಇಂಗ್ಲೆಂಡಿನ ಎಬಿಂಗ್‌ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರುಗಳಲ್ಲಿ, 1970ರ ದಶಕದವುಗಳಿಗೆ ಚರ್ಮ ಹೊದಿಸಿದ ಚಕ್ರವಿರುವುದುಂಟು. ಅರ್ಧ ಶತಮಾನದ ಅಂಗೈ ಬೆವರು, ಜಿಡ್ಡು, ಬಿಸಿಲುಗಳಿಂದ ಆ ಚರ್ಮವು ಬಿರಿಯುವುದು. ಕೈ ಹಿಡಿಯುವ ಎಡೆಯಲ್ಲಿ ಮಾತ್ರ ಕಪ್ಪಾಗಿ ಮಿರುಗುವುದು. ಒಡೆಯನು ಅದನ್ನು ಕಂಡು ಹಿಗ್ಗುವನು. ಅದು ಚರ್ಮದ ಕಾಂತಿಯಲ್ಲ, ಕೂಡಿದ ಕೊಳೆ! ನಿತ್ಯದ ರೂಢಿಯಿಂದ ನುಣುಪಾದುದನ್ನೇ ನಿಷ್ಠೆಯೆಂದು ಬಗೆಯುವ ಭಕ್ತರೂ ವಿರಳರಲ್ಲ.

ಅವಸರದವನು ಆ ಕೊಳೆಯ ಮೇಲೆಯೇ ಬಣ್ಣ ಬಳಿಯುವನು. ಕೆಲವೇ ದಿನಗಳಲ್ಲಿ ಅದು ಸುಲಿದು ಅಂಗೈಗೆ ಅಂಟುವುದು. ಮತ್ತೊಬ್ಬನು ಎಣ್ಣೆ ತಿಕ್ಕುವನು. ತಿರುವಿನಲ್ಲಿ ಚಕ್ರವು ಕೈಯಿಂದ ಜಾರಿದರೆ ಹಿಂದೆ ಕುಳಿತ ಮಡದಿಮಕ್ಕಳ ಗತಿಯೇನು? ಸಡಿಲವಾದ ಮುಸುಕನ್ನು ತೊಡಿಸುವುದೂ ಅಷ್ಟೇ ಅಪಾಯ. ಕೈಯೊಡನೆ ಮುಸುಕು ತಿರುಗುವುದು, ಚಕ್ರ ತಿರುಗದು.

ಬಲ್ಲವನು ಮೊದಲು ಸೌಮ್ಯ ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುವನು. ಬಟ್ಟೆಗೆ ಕೊಳೆ ಹತ್ತದಿರುವವರೆಗೆ ಒರೆಸುವನು. ಈ ಹಂತವೇ ಬೇಸರದ್ದು, ಇದೇ ಮುಖ್ಯವಾದುದು. ಅನಂತರ ಸ್ಪಿರಿಟ್ಟಿನಿಂದ ಜಿಡ್ಡು ತೆಗೆದು, ನಯವಾದ ಮರಳುಕಾಗದದಿಂದ ಒರಟನ್ನು ತಿದ್ದಿ, ಬಿರುಕಿಗೆ ಮೆತ್ತೆಯನ್ನು ತೆಳುವಾಗಿ ತುಂಬಿ, ಚರ್ಮದ ಬಣ್ಣವನ್ನು ಪದರ ಪದರವಾಗಿ, ಒಂದು ಒಣಗಿದ ಮೇಲೆ ಮತ್ತೊಂದರಂತೆ ಕೊಡುವನು. ಕೊನೆಯದು ಹೊಳಪಿಲ್ಲದ ರಕ್ಷಾಲೇಪ.

ಚರ್ಮವು ಹರಿದೇ ಹೋಗಿದ್ದರೆ ಬಣ್ಣದಿಂದ ಫಲವಿಲ್ಲ. ಹಳೆಯದನ್ನು ಬಿಚ್ಚಿ, ಹೊಸತನ್ನು ಸುತ್ತಳತೆಗಿಂತ ತುಸು ಕಿರಿದಾಗಿ ಕತ್ತರಿಸಿ, ಬಿಗಿಯಾಗಿ ಎಳೆದು, ಮೇಣ ಸವರಿದ ದಾರದ ಎರಡು ಸೂಜಿಗಳಿಂದ ಹೊಲಿಯಬೇಕು. ಹೊಲಿಗೆಯು ಚಕ್ರದ ಒಳಬದಿಗೆ ಬರುವುದು. ನೋಡುವವರ ಕಣ್ಣಿಗೆ ಬೀಳದಿದ್ದರೂ ಹಿಡಿದ ಬೆರಳಿಗೆ ತಿಳಿಯುವುದು.

ಈ ಕೆಲಸಕ್ಕೆ ಚರ್ಮ ಹೊಲಿಯುವ ಕೈಯೇ ಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಪಾದರಕ್ಷೆ ಹೊಲಿಯುತ್ತಿದ್ದ ಹರಳಯ್ಯನವರನ್ನೂ ಚರ್ಮ ಹದಮಾಡುತ್ತಿದ್ದ ಡೋಹರ ಕಕ್ಕಯ್ಯನವರನ್ನೂ ಶರಣರು ತಮ್ಮವರೆಂದು ಅಪ್ಪಿಕೊಂಡರು. ಅವರ ಹೆಸರಿಗೆ ಕೈಮುಗಿಯುವ ಗೃಹಸ್ಥನು, ತನ್ನ ಕಾರಿನ ಚಕ್ರವನ್ನು ಹೊಲಿಯಲು ಬಂದವನನ್ನು ಜಗುಲಿಯ ಕೆಳಗೆ ನಿಲ್ಲಿಸಿ ಕೂಲಿಗೆ ಚೌಕಾಶಿ ಮಾಡುವುದುಂಟು. ಬಂದವನು ಮರುಮಾತಾಡದೆ ಎಳೆಯನ್ನು ಬಿಗಿಯುತ್ತಾನೆ. ನಾಳೆ ಆ ಮನೆಯವರೆಲ್ಲ ಕುಳಿತು ಹೊರಡುವ ಕಾರು, ಅವನು ಹೊಲಿದ ಚಕ್ರದ ಹಿಡಿತದಲ್ಲಿಯೇ ತಿರುವನ್ನು ದಾಟುವುದು.