ಕತ್ತು ನೋಯುವುದಿಲ್ಲವೇ?

ಕರಗ ಎಂದರೆ ಹೆಚ್ಚಿನವರಿಗೆ ಬೆಂಗಳೂರಿನ ಧರ್ಮರಾಯಸ್ವಾಮಿ ಗುಡಿಯೇ ನೆನಪಾಗುತ್ತದೆ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರದ ಬೀದಿಗಳಲ್ಲೂ ಕರಗ ಹೊರಡುತ್ತದೆ. ಅಲ್ಲೂ ಜನ ನಿದ್ದೆಗೆಟ್ಟು ಕಾಯುತ್ತಾರೆ. ತಲೆಯ ಮೇಲಿನ ಕರಗಕ್ಕೆ ಕೈ ತಾಗಿಸದೆ ಗಂಟೆಗಟ್ಟಲೆ ಹೆಜ್ಜೆ ಹಾಕುವ ಪೂಜಾರಿಯನ್ನು ನೋಡುವಾಗ ನನ್ನಂಥವರಿಗೆ ಏಳುವುದು ತೀರಾ ಸಣ್ಣ ಪ್ರಶ್ನೆ: ಇವರಿಗೆ ಕತ್ತು ನೋಯುವುದಿಲ್ಲವೇ? ಹೊತ್ತಿರುವುದು ಅವರಲ್ಲ, ತಾಯಿ ಎನ್ನುತ್ತಾರೆ ಭಕ್ತರು. ಅದನ್ನು ತಿದ್ದುವ ಉಮೇದು ನನಗಿಲ್ಲ. ನನ್ನ ಕುತೂಹಲ ಕತ್ತಿನದು ಮಾತ್ರ.

ಮೊದಲೇ ಹಿಡಿದ ವ್ರತ, ಉಪವಾಸ. ಬಿಡದೆ ಬಡಿಯುವ ತಮಟೆ, ಗೋವಿಂದ ಗೋವಿಂದ ಎನ್ನುವ ಜನ, ಸುತ್ತ ಕತ್ತಿ ಹಿಡಿದ ವೀರಕುಮಾರರು. ಮನಸ್ಸು ಒಂದೇ ಕಡೆ ನಿಲ್ಲಲು ಇದಕ್ಕಿಂತ ಒಳ್ಳೆಯ ಏರ್ಪಾಡು ಯಾವ ಸಮ್ಮೋಹನ ತಜ್ಞರ ಕೋಣೆಯಲ್ಲಿದೆ? ಸಣ್ಣ ಪ್ರಮಾಣದಲ್ಲಿ ಇದು ನಮಗೆಲ್ಲ ಗೊತ್ತಿರುವುದೇ. ದೊಡ್ಡಬಳ್ಳಾಪುರದ ಮಗ್ಗದ ಮನೆಗೆ ಹೊಸಬರು ಹೋದರೆ ಸದ್ದಿಗೆ ತಲೆ ಸಿಡಿಯುತ್ತದೆ. ನೇಯುವವರಿಗೆ ಆ ಸದ್ದು ಇದ್ದೂ ಇಲ್ಲ. ಎಳೆ ಕಡಿದರೆ ಮಾತ್ರ ತಟ್ಟನೆ ತಿಳಿಯುತ್ತದೆ.

ಮನಸ್ಸು ಹೀಗೆ ನೆಟ್ಟಾಗ ನೋವು ಏನಾಗುತ್ತದೆ ಎಂಬ ಒಳಗುಟ್ಟನ್ನು ಕೆನಡಾದ ಮಾಂಟ್ರಿಯಲ್‌ನಲ್ಲಿ ಪಿಯರ್ ರೆನ್‌ವಿಲ್ ಮತ್ತು ಸಂಗಡಿಗರು ಹುಡುಕಿದರು. 1997ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಸಮ್ಮೋಹನಕ್ಕೆ ಒಳಗಾದವರ ಕೈಯನ್ನು ಸುಮಾರು 47 ಡಿಗ್ರಿ ಬಿಸಿನೀರಿನಲ್ಲಿ ಇರಿಸಿ, ‘ಈ ನೋವು ಅಷ್ಟೇನೂ ಕಾಡುವುದಿಲ್ಲ’ ಎಂದು ಹೇಳಲಾಯಿತು. ಮತ್ತೊಮ್ಮೆ, ಹೆಚ್ಚು ಕಾಡುತ್ತದೆ ಎಂದೂ ಹೇಳಲಾಯಿತು. ನೀರಿನ ಬಿಸಿ ಮಾತ್ರ ಅಷ್ಟೇ. ಮಿದುಳಿನಲ್ಲಿ ಸ್ಪರ್ಶವನ್ನು ಗುರುತಿಸುವ ಭಾಗದ ಕೆಲಸ ಹೆಚ್ಚು ಬದಲಾಗಲಿಲ್ಲ. ಸಂಕಟಕ್ಕೆ ಸಂಬಂಧಿಸಿದ ಇನ್ನೊಂದು ಭಾಗದ ಚಟುವಟಿಕೆ ಮಾತಿಗೆ ತಕ್ಕಂತೆ ಏರಿತು, ಇಳಿಯಿತು. ನೋವು ಇತ್ತು, ಅದರ ಕಾಟ ಕಡಿಮೆಯಾಗಿತ್ತು. ಬೆನ್ನುನೋವಿನಲ್ಲಿ ವರ್ಷಗಟ್ಟಲೆ ಬೇಯುವವರಿಗೆ ಅಷ್ಟು ದೊರೆತರೂ ಸಣ್ಣದಲ್ಲ.

ನಮ್ಮ ದೇಶಕ್ಕೂ ಈ ಕಥೆಯಲ್ಲಿ ಪಾಲಿದೆ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟ್ಲೆಂಡಿನ ವೈದ್ಯ ರೋಗಿಗಳನ್ನು ಹೀಗೇ ಮಂಪರಿಗೆ ತಂದು ದೊಡ್ಡ ಗಡ್ಡೆಗಳನ್ನು ಕೊಯ್ದು ತೆಗೆದ. ಮರುವರ್ಷವೇ ಬಾಸ್ಟನ್ನಿನಲ್ಲಿ ಅರಿವಳಿಕೆಯಾಗಿ ಈಥರ್ ಗೆದ್ದಿತು. ಗೆಲ್ಲಬೇಕಾದದ್ದೇ: ಎಸ್ಡೇಲನ ವಿಧಾನಕ್ಕೆ ಗಂಟೆಗಳು ಹಿಡಿಯುತ್ತಿದ್ದವು, ಎಲ್ಲರಲ್ಲೂ ಅದು ಒಂದೇ ಸಮನೆ ಫಲಿಸುವಂಥದ್ದೂ ಅಲ್ಲ. ಸಮ್ಮೋಹನಕ್ಕೆ ಬೇಗ ಒಲಿಯುವವರೂ ಇದ್ದಾರೆ, ಜಪ್ಪಯ್ಯ ಎಂದರೂ ಒಲಿಯದವರೂ ಇದ್ದಾರೆ. ಒಂದೇ ಸಿಟ್ಟಿಂಗಿನಲ್ಲಿ ಎಲ್ಲ ಕಾಯಿಲೆ ಮಾಯ ಎಂಬ ಜಾಹೀರಾತನ್ನು ಈ ಒಂದು ಕಾರಣಕ್ಕೇ ನಂಬಬಾರದು.

ಸಮ್ಮೋಹನವನ್ನು ತಾವೇ ಮಾಡಿಕೊಳ್ಳಲು ಮಂತ್ರವಾದಿ ಬೇಕಿಲ್ಲ. ಜರ್ಮನಿಯ ಯೋಹಾನೆಸ್ ಶುಲ್ಟ್ಸ್ 1932ರಲ್ಲಿ ಬರೆದಿಟ್ಟ ಅಭ್ಯಾಸ ತೀರಾ ಸಪ್ಪೆ ಅನ್ನುವಷ್ಟು ಸರಳ. ಒರಗಿ ಕೂತು, ಕಣ್ಣು ಮುಚ್ಚಿ, ‘ಬಲಗೈ ಭಾರವಾಗಿದೆ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದು; ಭಾರ ತಿಳಿದ ಮೇಲೆ ‘ಬೆಚ್ಚಗಿದೆ’ ಎನ್ನುವುದು. ಅವಸರ ಮಾಡಬಾರದು. ಕೊನೆಗೆ ಕೈ ಮಡಚಿ, ಚಾಚಿ, ಉಸಿರೆಳೆದು ಕಣ್ಣು ಬಿಡುವುದು. ಇದು ಗಡ್ಡೆ ಕರಗಿಸುವುದಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ಬಿಡಿಸುವುದಿಲ್ಲ. ವೈದ್ಯರು ನೋಡಿ ಹೆಸರು ಹೇಳಿದ ಹಳೆಯ ನೋವಿಗೆ, ನಿದ್ದೆ ಬಾರದ ರಾತ್ರಿಗೆ ಪ್ರಯತ್ನಿಸಬಹುದು. ಎದೆಯಲ್ಲಿ ಹೊಸದಾಗಿ ನೋವು ಎದ್ದರೆ ಕಣ್ಣು ಮುಚ್ಚಿ ಕೂರದೆ ಆಸ್ಪತ್ರೆಗೆ ಹೊರಡಬೇಕು.