‘ಹೋಗ್ತೀನಿ’ ಅನ್ನಬಾರದ ಭಾಷೆ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹೆಣ್ಣುಮಗಳು ಪಟ್ನಾ ಕಡೆಯವಳು. ಬೆಂಗಳೂರಿಗೆ ಬಂದ ಆರೇಳು ತಿಂಗಳಲ್ಲಿ ಪುಸ್ತಕ ಓದಿ, ಮೊಬೈಲಿನಲ್ಲಿ ಪಾಠ ಕೇಳಿ, ಕೆಲಸಕ್ಕೆ ಆಗುವಷ್ಟು ಕನ್ನಡ ಕಲಿತಿದ್ದಳು. ಒಂದು ಸಂಜೆ ಅಮ್ಮನ ಜೊತೆ ಕೂತು ಕಾಫಿ ಕುಡಿದು, ಎದ್ದು ಬಾಗಿಲ ಹತ್ತಿರ ನಿಂತು, ‘ನಾನು ಹೋಗುತ್ತೇನೆ’ ಅಂದಳು. ವ್ಯಾಕರಣದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಆದರೆ ಅಮ್ಮನ ಮುಖ ಕಳೆಗುಂದಿತು. ‘ಹೋಗ್ತೀನಿ ಅನ್ಬಾರ್ದು ಕಣಮ್ಮ, ಬರ್ತೀನಿ ಅನ್ಬೇಕು’ ಎಂದರು, ಮಗುವಿಗೆ ಹೇಳುವ ಹಾಗೆ.

ಆ ವಾಕ್ಯದಲ್ಲಿ ಇದ್ದ ತಪ್ಪು ಯಾವ ಬಗೆಯದು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಹೊರಟವರು ‘ಬರುತ್ತೇನೆ’ ಅನ್ನುವುದು ನಿಘಂಟಿನ ಲೆಕ್ಕದಲ್ಲಿ ಸುಳ್ಳು. ಹಾಗೆಂದು ಅದನ್ನು ಸುಳ್ಳು ಎಂದವರನ್ನು ನಾನು ಕಂಡಿಲ್ಲ. ಹೊಸಿಲು ದಾಟಿದವರು ಮತ್ತೆ ಬರಲಿ ಎಂಬ ಆಸೆ, ಹೋದವರು ಹೋಗಿಯೇಬಿಟ್ಟಾರು ಎಂಬ ಅಳುಕು, ಎರಡೂ ಆ ಕ್ರಿಯಾಪದದ ಒಳಗೆ ಕೂತಿವೆ. ಭಾಷೆ ಕಲಿಸುವ ಪುಸ್ತಕಗಳಲ್ಲಿ ಸಂಸ್ಕೃತಿಗೆ ಒಂದು ಬೇರೆ ಪುಟ ಇಟ್ಟಿರುತ್ತಾರೆ: ದಸರಾ ಅಂಬಾರಿ, ಯಕ್ಷಗಾನದ ಕಿರೀಟ, ಬಿಸಿಬೇಳೆಬಾತು. ಅವನ್ನು ತಿಳಿಯುವುದು ಒಳ್ಳೆಯದೇ. ಆದರೆ ಎರಡನೆಯ ಭಾಷೆಯ ಕಲಿಕೆಯಲ್ಲಿ ಸಂಸ್ಕೃತಿಯ ನಿಜವಾದ ಕೆಲಸ ನಡೆಯುವುದು ಬಾಗಿಲ ಬಳಿಯ ಆ ಒಂದು ಮಾತಿನಲ್ಲಿ.

ಶಬ್ದಾರ್ಥದ ಚರ್ಚೆಯಲ್ಲಿ ನಮ್ಮ ಹಳೆಯ ಶಾಸ್ತ್ರಕಾರರು ಕೊಡುವ ಉದಾಹರಣೆಯೊಂದಿದೆ. ಯಜಮಾನ ಆಳಿಗೆ ‘ಸೈಂಧವ ತಾ’ ಎನ್ನುತ್ತಾನೆ. ಸೈಂಧವ ಎಂದರೆ ಸಿಂಧೂ ನಾಡಿನ ಉಪ್ಪೂ ಹೌದು, ಕುದುರೆಯೂ ಹೌದು. ಯಜಮಾನ ಊಟಕ್ಕೆ ಕೂತಿದ್ದರೆ ಉಪ್ಪು ತರಬೇಕು. ಪ್ರಯಾಣಕ್ಕೆ ಹೊರಟು ನಿಂತಿದ್ದರೆ ಕುದುರೆ. ಭರ್ತೃಹರಿಯೂ ವಾಕ್ಯಪದೀಯದಲ್ಲಿ ಅರ್ಥವನ್ನು ಗೊತ್ತುಪಡಿಸುವ ಸಂಗತಿಗಳನ್ನು ಎಣಿಸುವಾಗ ಪ್ರಕರಣ, ಔಚಿತ್ಯ, ದೇಶ, ಕಾಲಗಳನ್ನು ಹೆಸರಿಸುತ್ತಾನೆ. ನನಗೆ ಈ ಉದಾಹರಣೆಯಲ್ಲಿ ಮುಖ್ಯವಾಗಿ ಕಾಣುವವನು ಆ ಆಳು. ಅವನು ಆ ಮನೆಯಲ್ಲಿ ಇದ್ದು ಬಾಳಿದವನು. ಎಲೆ ಹಾಕಿದ್ದು ಅವನಿಗೆ ಕಾಣುತ್ತದೆ, ಹೊರಗೆ ಸಾಮಾನು ಕಟ್ಟಿಟ್ಟದ್ದೂ ಕಾಣುತ್ತದೆ. ಕೋಶವನ್ನು ಬಾಯಿಪಾಠ ಮಾಡಿದವನಿಗೆ ಎರಡು ಅರ್ಥ ಗೊತ್ತಿರುತ್ತದೆ. ಮನೆಯಲ್ಲಿ ಇರುವವನಿಗೆ ಈಗ ಬೇಕಾದ ಒಂದು ಅರ್ಥ ಗೊತ್ತಿರುತ್ತದೆ.

ಊಟದ ಮನೆಯನ್ನೇ ನೋಡಿ. ಬಡಿಸುವವರಿಗೆ ಮೊದಲ ಸಲ ‘ಬೇಡ’ ಅಂದರೆ ನಮ್ಮಲ್ಲಿ ಅದು ನಿರಾಕರಣೆಯಲ್ಲ, ಸಂಕೋಚ. ಎರಡನೆಯ ‘ಬೇಡ’ಕ್ಕೂ ಒತ್ತಾಯ ಇದ್ದೇ ಇರುತ್ತದೆ. ಎಲೆಗೆ ಅಡ್ಡ ಕೈ ಹಿಡಿದು ‘ಸಾಕು, ಸಾಕು’ ಎಂದ ಮೇಲೆ ಮಾತು ನಿಲ್ಲುತ್ತದೆ. ಇದಕ್ಕೆ ಉಪಚಾರ ಎನ್ನುತ್ತೇವೆ. ‘ಬೇಡ’ ಎಂಬ ಪದವನ್ನು ಮೊದಲ ದಿನವೇ ಕಲಿತವರು ಈ ಬೇಡದ ಮೆಟ್ಟಿಲುಗಳನ್ನು ಕಲಿಯಲು ನಾಲ್ಕಾರು ಪಂಕ್ತಿಗಳಲ್ಲಿ ಕೂರಬೇಕು.

ರೆವರೆಂಡ್ ಫರ್ಡಿನಾಂಡ್ ಕಿಟೆಲ್ ಬಾಸೆಲ್ ಮಿಷನ್ ಮೂಲಕ 1853ರಲ್ಲಿ ಕರ್ನಾಟಕಕ್ಕೆ ಬಂದಾಗ ಇಪ್ಪತ್ತೊಂದರ ತರುಣ. ಅವರು ಬಂದದ್ದು ಕ್ರೈಸ್ತ ಧರ್ಮ ಹೇಳುವುದಕ್ಕೆ. ಇಲ್ಲಿನವರ ನಂಬಿಕೆಗಳನ್ನು ಒಪ್ಪಿಕೊಂಡು ಬಂದವರಲ್ಲ. ಆದರೂ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಸುಮಾರು 70,000 ಪದಗಳ ಮಹಾಕಾರ್ಯ. ಅದನ್ನು ತಿರುವಿದಾಗಲೆಲ್ಲ ನನ್ನ ಕಣ್ಣು ನಿಲ್ಲುವುದು ಗಾದೆಗಳ ಮೇಲೆ. ಪದಕ್ಕೊಂದು ಇಂಗ್ಲಿಷ್ ಅರ್ಥ ಬರೆದು ಮುಂದೆ ಹೋಗಬಹುದಿತ್ತು. ಅವರು ಜನರ ಬಾಯಲ್ಲಿ ಆ ಪದ ಹೇಗೆ ಬಾಳುತ್ತದೆ ಎಂದೂ ಕೂಡಿಸಿಟ್ಟರು. ಗಾದೆ ಎಂದರೆ ಒಕ್ಕಲುತನ, ಅತ್ತೆ-ಸೊಸೆ, ಸಾಲ, ಬರಗಾಲ ಎಲ್ಲವನ್ನೂ ಒಂದು ಪದದ ಬೆನ್ನಿಗೆ ಕಟ್ಟುವ ಹಗ್ಗ. ಒಂದು ಜನದ ನಂಬಿಕೆಗಳನ್ನು ತನ್ನದಾಗಿಸಿಕೊಳ್ಳದೆಯೂ ಅವರ ಬದುಕಿಗೆ ಗಮನ ಕೊಡಬಹುದು. ಆ ಗಮನವಿಲ್ಲದೆ ಭಾಷೆ ಒಲಿಯುವುದಿಲ್ಲ. ಕಿಟೆಲ್ಲರಿಂದ ನಾನು ತಿಳಿದದ್ದು ಇದನ್ನು.

ಮಹಡಿಯ ಹುಡುಗಿಯ ಮಾತಿಗೆ ಬರುತ್ತೇನೆ. ಅಮ್ಮ ತಿದ್ದಿದಾಗ ಅವಳು ಅರೆಗಳಿಗೆ ಸುಮ್ಮನಿದ್ದು, ಕಣ್ಣರಳಿಸಿ, ‘ನಮ್ಮ ನಾನಿ ಕೂಡ ಹೀಗೇ ಹೇಳುತ್ತಾರೆ’ ಅಂದಳು. ಅವಳ ಊರಿನಲ್ಲೂ ಹೊರಡುವಾಗ ಹೋಗುವ ಮಾತು ಎತ್ತಬಾರದಂತೆ. ಅಲ್ಲಿಂದ ಇಬ್ಬರ ಮಾತು ಬೆಳೆಯಿತು. ದೀಪ ಆರಿಸು ಅನ್ನದೆ ‘ದೀಪ ದೊಡ್ಡದು ಮಾಡು’ ಅನ್ನುತ್ತೇವೆ ಎಂದರು ಅಮ್ಮ. ಹಿಂದಿಯಲ್ಲಿ ‘ದೀಯಾ ಬಢಾನಾ’ ಅಂದರೂ ಅದೇ, ಬಢಾನಾ ಎಂದರೆ ಹೆಚ್ಚಿಸುವುದು, ಅಂಗಡಿ ಮುಚ್ಚುವುದಕ್ಕೂ ‘ದುಕಾನ್ ಬಢಾನಾ’ ಎನ್ನುತ್ತಾರೆ ಎಂದಳು ಅವಳು. ದ್ರಾವಿಡ ಭಾಷೆಯೊಂದು, ಆರ್ಯ ಭಾಷೆಯೊಂದು, ಬೇರುಗಳು ಬೇರೆ. ಆರುವ ದೀಪದ ಎದುರು ನಿಂತಾಗ ಎರಡಕ್ಕೂ ಒಂದೇ ಅಂಜಿಕೆ.

ಭಾಷಾವಿಜ್ಞಾನಿ ಎಮೆನೊ 1956ರಲ್ಲಿ ಭಾರತವನ್ನು ಒಂದೇ ಭಾಷಾವಲಯವೆಂದು ಕರೆದು ಬರೆದದ್ದು ಪ್ರಸಿದ್ಧ ಲೇಖನ. ಬೇರೆ ಕುಲದ ಭಾಷೆಗಳು ಅಕ್ಕಪಕ್ಕ ಬಾಳಿ ಒಂದರ ಗುಣ ಇನ್ನೊಂದಕ್ಕೆ ಹತ್ತಿವೆ. ‘ನನಗೆ ಹಸಿವಾಗಿದೆ’ ಎಂಬುದಕ್ಕೆ ಹಿಂದಿಯವರು ‘ಮುಝೇ ಭೂಖ್ ಲಗೀ ಹೈ’ ಎನ್ನುತ್ತಾರೆ. ಹಸಿವು ಎರಡೂ ಕಡೆ ಮನುಷ್ಯನಿಗೆ ಬಂದು ತಾಗುತ್ತದೆ. ಕಾಫಿ-ಗೀಫಿ ಅನ್ನುವವರಿಗೆ ಚಾಯ್-ವಾಯ್ ವಿವರಿಸಬೇಕಿಲ್ಲ. ಹೀಗಿದ್ದೂ ಪಟ್ನಾದವರಿಗೆ ಕನ್ನಡವನ್ನು ನಾವು ಹೆಚ್ಚಾಗಿ ಇಂಗ್ಲಿಷಿನ ಮೂಲಕ ಕಲಿಸುತ್ತೇವೆ. ಸಂಸ್ಕೃತಿ ಎಂದೊಡನೆ ನಮಗೆ ನೆನಪಾಗುವುದು ಭೇದ. ಕಲಿಯುವವರ ಕೈಯಲ್ಲಿ ಆಗಲೇ ಇರುವ ಬೀಗದ ಕೈ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಬಲವಾದದ್ದೇ. ಲಂಡನ್ನಿನ ಬೀದಿ ತುಳಿಯದ ಕೋಟ್ಯಂತರ ಭಾರತೀಯರು ಇಂಗ್ಲಿಷ್ ಕಲಿತಿಲ್ಲವೇ? ಕಲಿತಿದ್ದಾರೆ. ಹಾಸನದ ರಾಜಾರಾವ್ 1938ರಲ್ಲಿ ‘ಕಾಂತಾಪುರ’ ಪ್ರಕಟಿಸಿದಾಗ ಮೈಸೂರು ಸೀಮೆಯ ಅಜ್ಜಿಯೊಬ್ಬಳಿಂದ ಇಂಗ್ಲಿಷಿನಲ್ಲಿ ಕತೆ ಹೇಳಿಸಿದರು, ಪುರಾಣ ಹೇಳುವ ಲಯದಲ್ಲಿ. ಅಂದರೆ ಭಾಷೆಯ ಜೊತೆಗೆ ಅದರ ಹುಟ್ಟೂರಿನ ಸಂಸ್ಕೃತಿಯೇ ಬರಬೇಕೆಂಬ ಕಟ್ಟಲೆ ಇಲ್ಲ. ಇದನ್ನು ನಾನು ಒಪ್ಪುತ್ತೇನೆ. ಆದರೆ ರಾಜಾರಾಯರ ಇಂಗ್ಲಿಷ್ ಸಂಸ್ಕೃತಿ ಇಲ್ಲದ ಇಂಗ್ಲಿಷ್ ಆಗಿರಲಿಲ್ಲ. ಅದಕ್ಕೆ ಅವರು ಜಗುಲಿ, ಗುಡಿ, ಹರಿಕಥೆಗಳ ನೆಲೆ ಕೊಟ್ಟರು. ಯಾವ ನೆಲೆಯೂ ಸಿಗದ ಭಾಷೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲೇ ಉಳಿದುಬಿಡುತ್ತದೆ. ಹತ್ತು ವರ್ಷ ಇಂಗ್ಲಿಷ್ ಓದಿಯೂ ಒಂದು ದುಃಖವನ್ನು ಅದರಲ್ಲಿ ಹೇಳಿಕೊಳ್ಳಲಾಗದ ನಮ್ಮ ಹಳ್ಳಿಯ ಮಕ್ಕಳು ಇದಕ್ಕೆ ಸಾಕ್ಷಿ. ಅವರು ದಡ್ಡರಲ್ಲ. ಆ ಭಾಷೆಯಲ್ಲಿ ಅವರ ಜೊತೆ ಯಾರೂ ಅತ್ತಿಲ್ಲ, ಜಗಳವಾಡಿಲ್ಲ.

ಹಾಗಾದರೆ ಸಂಸ್ಕೃತಿ ರಕ್ತದಲ್ಲಿ ಬರುವುದೇ? ಕನ್ನಡದ ಇತಿಹಾಸ ಇದಕ್ಕೆ ಕೊಡುವ ಉತ್ತರದಂಥದ್ದು ಬೇರೆಡೆ ಸಿಗುವುದು ಕಷ್ಟ. ನಮಗೆ ಜ್ಞಾನಪೀಠ ತಂದ ಎಂಟು ಜನರಲ್ಲಿ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಬೇಂದ್ರೆ ಮರಾಠಿಯನ್ನು ಬಿಟ್ಟುಕೊಟ್ಟು ಕನ್ನಡಿಗರಾದವರಲ್ಲ, ಮರಾಠಿಯಲ್ಲೂ ಬರೆದರು. ಕಾರ್ನಾಡರು ತರುಣರಿದ್ದಾಗ ಇಂಗ್ಲಿಷ್ ಕವಿಯಾಗುವ ಕನಸು ಕಂಡಿದ್ದರು. ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ ‘ಯಯಾತಿ’ ಅವರೊಳಗಿಂದ ಕನ್ನಡದಲ್ಲೇ ಬಂತು. ಅದು 1961ರಲ್ಲಿ ಪ್ರಕಟವಾಯಿತು. ಶಿರಸಿಯಲ್ಲಿ ಹುಡುಗನಾಗಿ ಕಂಡ ಯಕ್ಷಗಾನ ಮತ್ತು ಕಂಪನಿ ನಾಟಕಗಳು ಆ ಭಾಷೆಯಲ್ಲಿ ಅವರಿಗೆ ಎಂದೋ ಒಂದು ಜಾಗ ಕೊಟ್ಟಿದ್ದವು. ತೊಟ್ಟಿಲಲ್ಲಿ ಸಿಗದಿದ್ದ ಕನ್ನಡ ರಾತ್ರಿಯಿಡೀ ನಡೆದ ಆಟದ ಎದುರು ಚಾಪೆಯ ಮೇಲೆ ಕೂತಾಗ ಸಿಕ್ಕಿತು.

ಇನ್ನೊಂದು ಮಾತು. ‘ಕನ್ನಡ ಸಂಸ್ಕೃತಿ’ ಎಂದು ಒಂದೇ ಗಂಟು ಕಟ್ಟಿ ಕಲಿಯುವವರ ಕೈಗೆ ಕೊಡಲು ಬರುವುದಿಲ್ಲ. ಧಾರವಾಡದಲ್ಲಿ ‘ರೀ’ ಎಂಬುದು ಗೌರವದ ಉಸಿರು, ಪ್ರತಿ ಮಾತಿನ ಕೊನೆಗೂ ಬೇಕು. ಮೈಸೂರು ಕಡೆ ಹಿರಿಯರನ್ನು ‘ಏನ್ರೀ’ ಎಂದರೆ ಮುಖ ಗಂಟಾಗುತ್ತದೆ. ಮಂಗಳೂರಿನಲ್ಲಿ ಎಷ್ಟೋ ಮನೆಗಳಿಗೆ ಕನ್ನಡವೇ ಎರಡನೆಯ ಭಾಷೆ. ತುಳು, ಕೊಂಕಣಿ, ಬ್ಯಾರಿ ಆಡುವವರು ಶಾಲೆಯಲ್ಲಿ ಕಲಿತ ಆ ಕನ್ನಡ ಪುಸ್ತಕಕ್ಕೆ ಹತ್ತಿರ, ಆದರೂ ‘ಮಾರಾಯ್ರೇ’ ಎಂಬ ಒಂದು ಕರೆಯಿಂದ ಅದು ಪೂರಾ ಅವರದಾಗಿದೆ.

ಇಷ್ಟು ಹೇಳಿದ ಮೇಲೆ ನಮ್ಮ ಪಾಲಿನ ಹೊಣೆಯನ್ನು ಹೇಳದಿರಲಾರೆ. ಸಂಸ್ಕೃತಿ ಎಂದರೆ ಮಾತು ನಡೆಯುವ ಸಂಬಂಧಗಳಲ್ಲಿ ಒಂದು ಜಾಗ ಎನ್ನುವುದಾದರೆ, ಆ ಜಾಗವನ್ನು ಕಲಿಯುವವರು ತಾವಾಗಿ ಮಾಡಿಕೊಳ್ಳಲಾರರು. ಕೊಡಬೇಕಾದವರು ನಾವು. ಆದರೆ ಹೊಸಬರು ಒಂದು ಕನ್ನಡ ವಾಕ್ಯದಲ್ಲಿ ಎಡವಿದ ಕೂಡಲೇ ನಾವು ಇಂಗ್ಲಿಷಿಗೋ ಹಿಂದಿಗೋ ಜಾರುತ್ತೇವೆ. ಅದನ್ನು ಸೌಜನ್ಯವೆಂದೇ ಮಾಡುತ್ತೇವೆ, ಪರಿಣಾಮ ಮಾತ್ರ ಬಾಗಿಲು ಹಾಕಿದಂತೆ. ಇನ್ನು ಕೆಲವರು ‘ಕನ್ನಡ ಬರಲ್ವಾ?’ ಎಂದು ಗದರುತ್ತಾರೆ. ಗದರಿಕೆಯಿಂದ ಹತ್ತು ಪದ ಕಲಿಸಬಹುದು. ‘ಬರ್ತೀನಿ’ ಎಂದು ಮನಸಾರೆ ಹೇಳಿಸಲು ಆಗುವುದಿಲ್ಲ. ಅಮ್ಮ ಈ ಎರಡನ್ನೂ ಮಾಡಲಿಲ್ಲ. ತಪ್ಪನ್ನು ಕಂಡರು, ತಿದ್ದಿದರು, ಮರುದಿನ ಮತ್ತೆ ಕಾಫಿಗೆ ಕರೆದರು.

ಕಳೆದ ತಿಂಗಳು ಬೆಳಿಗ್ಗೆ ತರಕಾರಿ ಗಾಡಿಯವನು ಬೀದಿಗೆ ಬಂದಿದ್ದ. ಮಹಡಿಯ ಹುಡುಗಿಯ ಜೊತೆ ಅವನು ಯಾವಾಗಲೂ ಮುರುಕು ಹಿಂದಿಯಲ್ಲೇ ವ್ಯವಹಾರ ಮಾಡುತ್ತಿದ್ದ. ತೂಕ ಹಾಕಿ, ದುಡ್ಡು ಎಣಿಸಿಕೊಂಡು, ಗಾಡಿ ತಳ್ಳುವುದರಲ್ಲಿದ್ದ. ‘ಕೊಸರು ಹಾಕಪ್ಪ’ ಎಂದಳು. ಅಮ್ಮ ಅನ್ನುವ ಅದೇ ರಾಗ. ಅವನು ಗಾಡಿ ನಿಲ್ಲಿಸಿ ಅವಳ ಮುಖ ನೋಡಿದ. ಒಂದು ಹಿಡಿ ಕರಿಬೇವು, ಮೇಲೆ ಎರಡು ಹಸಿಮೆಣಸಿನಕಾಯಿ ಅವಳ ಚೀಲಕ್ಕೆ ಹಾಕಿ, ‘ಯಾವೂರಮ್ಮ ನಿಮ್ದು?’ ಅಂದ.

‘ಪಟ್ನಾ’ ಎಂದಳು. ಆಮೇಲೆ ನಮ್ಮ ಮನೆಯ ಕಡೆ ಕೈ ತೋರಿಸಿ, ‘ಇಲ್ಲೇ, ಮಹಡಿ ಮನೆ’ ಎಂದಳು.